ಬ್ಯಾಂಕ್–ಮಾನ್ಯುಮೆಂಟ್‌ನಲ್ಲಿ ಒಂದು ಮಾರ್ಗ ಬದಲಾವಣೆ: ಪ್ರಕರಣ ಅಧ್ಯಯನ

ಲಂಡನ್ನಿನ ಭೂಗತ ರೈಲು ನಕ್ಷೆಯಲ್ಲಿ ಬ್ಯಾಂಕ್ ಮತ್ತು ಮಾನ್ಯುಮೆಂಟ್ ಎಂಬ ಎರಡು ನಿಲ್ದಾಣಗಳನ್ನು ಉಗುರಿನಷ್ಟೂ ಉದ್ದವಿಲ್ಲದ ಒಂದು ಕೊಂಡಿ ಜೋಡಿಸುತ್ತದೆ. ಬ್ಯಾಂಕ್ ಕಡೆಯಲ್ಲಿ ಸೆಂಟ್ರಲ್, ನಾರ್ದರ್ನ್, ವಾಟರ್‌ಲೂ ಅಂಡ್ ಸಿಟಿ ಮಾರ್ಗಗಳೂ ಡಾಕ್‌ಲ್ಯಾಂಡ್ಸ್ ಲಘು ರೈಲೂ ನಿಲ್ಲುತ್ತವೆ. ಮಾನ್ಯುಮೆಂಟ್ ಕಡೆಯಲ್ಲಿ ಡಿಸ್ಟ್ರಿಕ್ಟ್ ಮತ್ತು ಸರ್ಕಲ್ ಮಾರ್ಗಗಳು ನಿಲ್ಲುತ್ತವೆ. ಒಟ್ಟು ಆರು ಮಾರ್ಗಗಳು ಸೇರುವ ಈ ಜೋಡಿ ನಿಲ್ದಾಣದಲ್ಲಿ ಒಂದು ರೈಲಿನಿಂದ ಇಳಿದು ಇನ್ನೊಂದನ್ನು ಹಿಡಿಯುವುದು ನಕ್ಷೆಯ ಮೇಲೆ ಕಣ್ಣು ಮಿಟುಕಿಸುವಷ್ಟರ ಕೆಲಸ. ನೆಲದಡಿಯಲ್ಲಿ ಅದು ಹಾಗಿಲ್ಲ. ಹಾಗಿಲ್ಲದಿರುವುದಕ್ಕೆ ಕಾರಣಗಳೇನು, ಅವುಗಳಲ್ಲಿ ಯಾವುವು ಈಗ ನಿವಾರಣೆಯಾಗಿವೆ, ಉಳಿದವುಗಳ ನಡುವೆ ಪ್ರಯಾಣಿಕ ಹೇಗೆ ದಾರಿ ಆರಿಸಿಕೊಳ್ಳಬೇಕು ಎಂಬುದನ್ನು ಒಂದೇ ಒಂದು ಪ್ರಯಾಣವನ್ನು ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸಲಾಗಿದೆ.

ಪ್ರಕರಣ ಇಷ್ಟು. ಟವರ್ ಆಫ್ ಲಂಡನ್ ಕೋಟೆಯನ್ನು ನೋಡಿ ಮುಗಿಸಿದ ಪ್ರಯಾಣಿಕರೊಬ್ಬರು ಅದರ ಪಕ್ಕದ ಟವರ್ ಹಿಲ್ ನಿಲ್ದಾಣದಿಂದ, ಬ್ರಿಟಿಷ್ ಮ್ಯೂಸಿಯಂಗೆ ಹತ್ತಿರವಾದ ಟಾಟನ್‌ಹ್ಯಾಮ್ ಕೋರ್ಟ್ ರೋಡ್ ನಿಲ್ದಾಣಕ್ಕೆ ಹೋಗಬೇಕಾಗಿದೆ. ಅವರಿಗೆ ಊರು ಹೊಸದು. ವಯಸ್ಸು ಅರವತ್ತರ ಆಸುಪಾಸು. ಮೆಟ್ಟಿಲು ಹತ್ತಬಲ್ಲರು, ಆದರೆ ಹತ್ತದೆ ಇರುವುದಾದರೆ ಸಂತೋಷ. ಜೊತೆಗೊಂದು ಚಕ್ರದ ಸೂಟ್‌ಕೇಸ್ ಇದೆ. ಕೆಲಸದ ದಿನದ ಸಂಜೆ, ಕಚೇರಿಗಳು ಬಿಡುವ ಹೊತ್ತು. ಪ್ರಯಾಣಿಕರು ಕಲ್ಪಿತರು, ಅವರ ಮುಂದಿರುವ ದಾರಿಗಳು ಮಾತ್ರ ಕಲ್ಪಿತವಲ್ಲ.

ಮೂರು ದಾರಿಗಳು ಕಣ್ಣಿಗೆ ಬೀಳುತ್ತವೆ. ಮೊದಲನೆಯದು, ಪಶ್ಚಿಮಕ್ಕೆ ಹೋಗುವ ಡಿಸ್ಟ್ರಿಕ್ಟ್ ಅಥವಾ ಸರ್ಕಲ್ ರೈಲು ಹತ್ತಿ ಮುಂದಿನ ನಿಲ್ದಾಣವಾದ ಮಾನ್ಯುಮೆಂಟ್‌ನಲ್ಲಿ ಇಳಿದು, ಒಳಗಿನಿಂದಲೇ ಬ್ಯಾಂಕ್‌ಗೆ ನಡೆದು, ಸೆಂಟ್ರಲ್ ಮಾರ್ಗದಲ್ಲಿ ಸೇಂಟ್ ಪಾಲ್ಸ್, ಚಾನ್ಸರಿ ಲೇನ್, ಹೋಬರ್ನ್ ದಾಟಿ ನಾಲ್ಕನೆಯ ನಿಲ್ದಾಣದಲ್ಲಿ ಇಳಿಯುವುದು. ಎರಡನೆಯದು, ಎದುರು ದಿಕ್ಕಿನ ಸರ್ಕಲ್ ರೈಲಿನಲ್ಲಿ ಆಲ್ಡ್‌ಗೇಟ್ ಮೂಲಕ ಲಿವರ್‌ಪೂಲ್ ಸ್ಟ್ರೀಟ್ ತಲುಪಿ, ಅಲ್ಲಿ ಸೆಂಟ್ರಲ್ ಮಾರ್ಗವನ್ನೋ 2022ರ ಮೇ ತಿಂಗಳಲ್ಲಿ ಆರಂಭವಾದ ಎಲಿಜಬೆತ್ ಮಾರ್ಗವನ್ನೋ ಹಿಡಿಯುವುದು. ಮೂರನೆಯದು, ಪಶ್ಚಿಮದ ರೈಲಿನಲ್ಲೇ ಕುಳಿತು ಮಾನ್ಯುಮೆಂಟನ್ನು ಹಿಂದೆ ಬಿಟ್ಟು, ಥೇಮ್ಸ್ ದಂಡೆಯ ಎಂಬ್ಯಾಂಕ್‌ಮೆಂಟ್ ನಿಲ್ದಾಣದವರೆಗೆ ಹೋಗಿ, ಅಲ್ಲಿಂದ ನಾರ್ದರ್ನ್ ಮಾರ್ಗದ ಚಾರಿಂಗ್ ಕ್ರಾಸ್ ಕವಲಿನಲ್ಲಿ ಮೂರು ನಿಲ್ದಾಣ ಉತ್ತರಕ್ಕೆ ಸಾಗುವುದು. ಈ ಎಲ್ಲ ನಿಲ್ದಾಣಗಳೂ ದರದ ಮೊದಲ ವಲಯದಲ್ಲೇ ಇರುವುದರಿಂದ ಯಾವ ದಾರಿ ಹಿಡಿದರೂ ಟಿಕೆಟ್ ದರ ಒಂದೇ; ಆಯ್ಕೆಯಲ್ಲಿ ಹಣದ ಪ್ರಶ್ನೆ ಬರುವುದಿಲ್ಲ.

ನಿಲ್ದಾಣಗಳನ್ನು ಎಣಿಸಿದರೆ ಮೊದಲ ದಾರಿಗೆ ಐದು, ಮೂರನೆಯದಕ್ಕೆ ಒಂಬತ್ತು. ಹೊಸಬರು ಸಾಮಾನ್ಯವಾಗಿ ಹೀಗೆ ಎಣಿಸಿಯೇ ದಾರಿ ಆರಿಸುತ್ತಾರೆ. ಇಲ್ಲಿ ಮೋಸಹೋಗುವುದೂ ಆ ಎಣಿಕೆಯಿಂದಲೇ. ಏಕೆಂದರೆ ಈ ಪ್ರಯಾಣದ ಅತ್ಯಂತ ಉದ್ದದ ಭಾಗ ಯಾವ ಎರಡು ನಿಲ್ದಾಣಗಳ ನಡುವೆಯೂ ಇಲ್ಲ, ಒಂದು ನಿಲ್ದಾಣದ ಒಳಗಿದೆ.

ಒಂದೇ ಹೆಸರಿನಡಿ ಐದು ನಿಲ್ದಾಣಗಳು

ಬ್ಯಾಂಕ್–ಮಾನ್ಯುಮೆಂಟನ್ನು ಯಾರೂ ಒಂದು ನಿಲ್ದಾಣವಾಗಿ ಯೋಜಿಸಲಿಲ್ಲ. ಮಾನ್ಯುಮೆಂಟ್ 1884ರ ಅಕ್ಟೋಬರ್ 6ರಂದು ಈಸ್ಟ್‌ಚೀಪ್ ಎಂಬ ಹೆಸರಿನಲ್ಲಿ ತೆರೆಯಿತು. ಒಳವರ್ತುಲ ಮಾರ್ಗ ಪೂರ್ಣಗೊಂಡದ್ದೂ ಆಗಲೇ. ರಸ್ತೆಯನ್ನು ಅಗೆದು, ಹಳಿ ಹಾಕಿ, ಮೇಲೆ ಮುಚ್ಚುವ ವಿಧಾನದಲ್ಲಿ ಕಟ್ಟಿದ್ದರಿಂದ ಅದು ನೆಲಮಟ್ಟಕ್ಕೆ ಹತ್ತಿರದಲ್ಲಿದೆ. ವಾಟರ್‌ಲೂ ಅಂಡ್ ಸಿಟಿ ರೈಲು 1898ರಲ್ಲಿ ಬಂತು. ಅದು ಕಟ್ಟಿದ ತುದಿ ನಿಲ್ದಾಣದ ಹೆಸರು ಸಿಟಿ. ಬ್ಯಾಂಕ್ ಎಂಬ ಹೆಸರು ಅದಕ್ಕೆ ಬಂದದ್ದು 1940ರಲ್ಲಿ. ಸಿಟಿ ಅಂಡ್ ಸೌತ್ ಲಂಡನ್ ರೈಲ್ವೆ, ಅಂದರೆ ಇಂದಿನ ನಾರ್ದರ್ನ್ ಮಾರ್ಗದ ಈ ಭಾಗ, ಹತ್ತೇ ವರ್ಷ ಬಳಸಿದ ತನ್ನ ಕಿಂಗ್ ವಿಲಿಯಂ ಸ್ಟ್ರೀಟ್ ನಿಲ್ದಾಣವನ್ನು ಕೈಬಿಟ್ಟು 1900ರ ಫೆಬ್ರವರಿಯಲ್ಲಿ ಇಲ್ಲಿಗೆ ಬಂತು. ಸೇಂಟ್ ಮೇರಿ ವೂಲ್‌ನಾತ್ ಚರ್ಚಿನ ನೆಲಮಾಳಿಗೆಯನ್ನೇ ಟಿಕೆಟ್ ಹಾಲ್ ಮಾಡಿಕೊಂಡಿತು. ಅದೇ ವರ್ಷದ ಜುಲೈ 30ರಂದು ಸೆಂಟ್ರಲ್ ಲಂಡನ್ ರೈಲ್ವೆ ತೆರೆಯಿತು. ಕೊನೆಗೆ 1991ರಲ್ಲಿ ಡಾಕ್‌ಲ್ಯಾಂಡ್ಸ್ ಲಘು ರೈಲು ಬಂದಾಗ ಮೇಲಿನ ಪದರಗಳೆಲ್ಲ ತುಂಬಿಹೋಗಿದ್ದವು. ಅದಕ್ಕೆ ಉಳಿದದ್ದು ನೆಲದಿಂದ 40 ಮೀಟರಿಗೂ ಹೆಚ್ಚು ಆಳದ ಜಾಗ.

ಈ ಕಂಪನಿಗಳು ಪರಸ್ಪರ ಪೈಪೋಟಿಯಲ್ಲಿದ್ದವು ಅಥವಾ ಒಂದರ ಕುರಿತು ಇನ್ನೊಂದು ನಿರ್ಲಕ್ಷ್ಯದಿಂದಿದ್ದವು. ತಮ್ಮ ಪ್ರಯಾಣಿಕ ಪಕ್ಕದವರ ರೈಲಿಗೆ ಸುಲಭವಾಗಿ ಹೋಗಲಿ ಎಂಬ ಆಸೆ ಯಾರಿಗೂ ಇರಲಿಲ್ಲ. ವಾಟರ್‌ಲೂ ಅಂಡ್ ಸಿಟಿ ಮಾರ್ಗವಂತೂ 1994ರವರೆಗೆ ರಾಷ್ಟ್ರೀಯ ರೈಲ್ವೆಯ ಕೈಯಲ್ಲೇ ಇತ್ತು. ಇದರ ಜೊತೆಗೆ, ಖಾಸಗಿ ಕಟ್ಟಡಗಳ ಕೆಳಗೆ ಸುರಂಗ ಕೊರೆದರೆ ಅವುಗಳ ಮಾಲೀಕರಿಗೆ ಹಣ ತೆರಬೇಕಾಗುತ್ತಿದ್ದುದರಿಂದ, ಆಳದ ಮಾರ್ಗಗಳೂ ಮೇಲಿನ ರಸ್ತೆಗಳ ಜಾಡನ್ನೇ ಹಿಡಿದು ಸಾಗಿದವು. ಬ್ಯಾಂಕ್ ಆಫ್ ಇಂಗ್ಲೆಂಡ್ ಇರುವ ಆ ಕೂಡುರಸ್ತೆಯಲ್ಲಿ ಬೀದಿಗಳು ಹೇಗೆ ತಿರುಗುತ್ತವೆಯೋ ಸೆಂಟ್ರಲ್ ಮಾರ್ಗವೂ ಹಾಗೆಯೇ ತಿರುಗುತ್ತದೆ. ಅದರ ಪ್ಲಾಟ್‌ಫಾರ್ಮಿನ ಬಾಗು ಎಷ್ಟೆಂದರೆ ಒಂದು ತುದಿಯಲ್ಲಿ ನಿಂತವರಿಗೆ ಇನ್ನೊಂದು ತುದಿ ಕಾಣುವುದಿಲ್ಲ. ನೇರವಾದ ಬೋಗಿ ಬಾಗಿದ ಅಂಚಿಗೆ ಬಂದು ನಿಂತಾಗ ನಡುವೆ ಅಗಲವಾದ ಸಂದು ಉಳಿಯುತ್ತದೆ. ನಮ್ಮ ಪ್ರಯಾಣಿಕರು ಸೂಟ್‌ಕೇಸನ್ನು ಆ ಸಂದಿನ ಮೇಲೆ ಎತ್ತಿ ದಾಟಿಸಬೇಕಾಗುತ್ತದೆ.

ಪ್ಲಾಟ್‌ಫಾರ್ಮೇ ಓಡಾಟದ ಹಾದಿಯಾದದ್ದು

ಮಾನ್ಯುಮೆಂಟನ್ನೂ ಬ್ಯಾಂಕನ್ನೂ ಒಳಗಿನಿಂದ ಜೋಡಿಸುವ ಎಸ್ಕಲೇಟರ್‌ಗಳು 1933ರ ಸೆಪ್ಟೆಂಬರ್ 18ರಂದು ತೆರೆದವು. ಹ್ಯಾರಿ ಬೆಕ್ ರೂಪಿಸಿದ, ದೂರಗಳನ್ನು ಲೆಕ್ಕಿಸದೆ ಕೇವಲ ಸಂಪರ್ಕಗಳನ್ನು ನೇರ ಗೆರೆಗಳಲ್ಲಿ ತೋರಿಸುವ ಪ್ರಸಿದ್ಧ ನಕ್ಷೆ ಸಾರ್ವಜನಿಕರ ಕೈಗೆ ಬಂದದ್ದೂ ಅದೇ ವರ್ಷದ ಆರಂಭದಲ್ಲಿ. ನಕ್ಷೆಗೂ ಜೋಡಣೆಗೂ ಪರಸ್ಪರ ಸಂಬಂಧವಿಲ್ಲ. ಆದರೂ ಎರಡೂ ಒಂದೇ ವರ್ಷದಲ್ಲಿ ಹುಟ್ಟಿ, ಒಂದರ ಉದ್ದವನ್ನು ಇನ್ನೊಂದು ತೊಂಬತ್ತು ವರ್ಷ ಮರೆಮಾಚಿಕೊಂಡು ಬಂದದ್ದು ನನಗೆ ತಮಾಷೆಯಾಗಿ ತೋರುತ್ತದೆ.

ಆ ಎಸ್ಕಲೇಟರ್‌ಗಳು ಪ್ರಯಾಣಿಕರನ್ನು ತಂದು ಬಿಡುತ್ತಿದ್ದುದು ನಾರ್ದರ್ನ್ ಮಾರ್ಗದ ಪ್ಲಾಟ್‌ಫಾರ್ಮ್‌ಗಳ ದಕ್ಷಿಣ ತುದಿಗೆ. ಸೆಂಟ್ರಲ್ ಮಾರ್ಗ ಇರುವುದು ಅದರ ಉತ್ತರ ತುದಿಯ ಆಚೆ. ಹೀಗಾಗಿ ಮಾನ್ಯುಮೆಂಟ್‌ನಿಂದ ಸೆಂಟ್ರಲ್‌ಗೆ ಹೊರಟವರು ನಾರ್ದರ್ನ್ ಪ್ಲಾಟ್‌ಫಾರ್ಮನ್ನು ಉದ್ದಕ್ಕೂ ನಡೆದೇ ದಾಟಬೇಕಾಗಿತ್ತು. ಲಘು ರೈಲು ಬಂದ ಮೇಲೆ ಇನ್ನೂ ಆಳಕ್ಕಿಳಿದು ಅದರ ಪ್ಲಾಟ್‌ಫಾರ್ಮಿನ ಮೂಲಕ ಹಾದುಹೋಗುವ ಸಾಧ್ಯತೆಯೂ ಸೇರಿತು. ನಾರ್ದರ್ನ್ ರೈಲಿಗೆ ಕಾಯುವವರು, ಅದರಿಂದ ಇಳಿದವರು, ಅದನ್ನು ಹತ್ತುವ ಯಾವ ಉದ್ದೇಶವೂ ಇಲ್ಲದೆ ಅತ್ತಿಂದಿತ್ತ ಹಾದುಹೋಗುವವರು, ಈ ಮೂರು ಗುಂಪುಗಳೂ ಒಂದೇ ಇಕ್ಕಟ್ಟಾದ ಪ್ಲಾಟ್‌ಫಾರ್ಮಿನ ಮೇಲೆ ಸೇರುತ್ತಿದ್ದವು. ಈ ನಿಲ್ದಾಣದ ನಿಜವಾದ ರೋಗ ಇದು ಎಂಬುದು ನನ್ನ ಅಭಿಪ್ರಾಯ. ಓಣಿಗಳು ಹೆಚ್ಚಾದದ್ದು, ತಿರುವುಗಳು ಹೆಚ್ಚಾದದ್ದು ಪ್ರಯಾಣಿಕರನ್ನು ಗಲಿಬಿಲಿಗೊಳಿಸಬಹುದು. ಆದರೆ ಓಣಿಯಲ್ಲಿ ದಾರಿ ತಪ್ಪಿದವನು ನಾಲ್ಕು ಹೆಜ್ಜೆ ಹಿಂದಕ್ಕೆ ಬರಬಲ್ಲ. ಜನ ತುಂಬಿದ ಪ್ಲಾಟ್‌ಫಾರ್ಮಿನ ಮೇಲೆ, ಒಂದು ಬದಿಗೆ ಹಳಿ ಇರುವಲ್ಲಿ, ನಿಂತು ಫಲಕ ಓದುವುದಕ್ಕೂ ಎಡೆಯಿರುವುದಿಲ್ಲ.

ಹಳೆಯ ವ್ಯವಸ್ಥೆಯಲ್ಲಿ ನಮ್ಮ ಪ್ರಯಾಣಿಕರು ಸಂಜೆಯ ಆ ಹೊತ್ತಿನಲ್ಲಿ ಮಾನ್ಯುಮೆಂಟ್‌ನಲ್ಲಿ ಇಳಿದಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ಎಸ್ಕಲೇಟರ್ ಇಳಿದ ಕೂಡಲೇ ಎದುರಾಗುವುದು ಅವರು ಹಿಡಿಯಬೇಕಾಗಿಲ್ಲದ ರೈಲಿನ ಪ್ಲಾಟ್‌ಫಾರ್ಮ್. ತಾವು ತಪ್ಪಾಗಿ ಬಂದೆವು ಎಂದುಕೊಳ್ಳುವುದು ಸಹಜ. ಅಲ್ಲಿ ಬಂದು ನಿಂತ ರೈಲಿಗೆ ಜನ ನುಗ್ಗುವುದನ್ನು ಕಂಡು ತಾವೂ ಹತ್ತಿಬಿಟ್ಟರೆ, ಮುಂದಿನ ನಿಲ್ದಾಣ ಉತ್ತರಕ್ಕೆ ಮೂರ್‌ಗೇಟ್, ದಕ್ಷಿಣಕ್ಕೆ ಹೋದರೆ ನದಿಯಾಚೆಯ ಲಂಡನ್ ಬ್ರಿಡ್ಜ್.

2022ರ ಬದಲಾವಣೆ

ನಿಲ್ದಾಣದ ಸಾಮರ್ಥ್ಯ ಹೆಚ್ಚಿಸುವ ಮುಖ್ಯ ಕಾಮಗಾರಿ 2016ರಲ್ಲಿ ಆರಂಭವಾಯಿತು. ಅದರ ತಿರುಳನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ನಾರ್ದರ್ನ್ ಮಾರ್ಗದ ದಕ್ಷಿಣಾಭಿಮುಖ ರೈಲುಗಳಿಗೆ ಹೊಸ ಸುರಂಗವನ್ನೂ ಹೊಸ ಪ್ಲಾಟ್‌ಫಾರ್ಮನ್ನೂ ಕೊರೆದು, ಅವುಗಳ ಹಳೆಯ ಪ್ಲಾಟ್‌ಫಾರ್ಮ್ ಸುರಂಗದಿಂದ ಹಳಿ ಕಿತ್ತು, ಅದನ್ನು ಜನರು ನಡೆದಾಡುವ ಅಗಲವಾದ ಮೊಗಸಾಲೆಯಾಗಿ ಮಾರ್ಪಡಿಸಲಾಯಿತು. ಹಳೆಯದನ್ನು ಹೊಸದಕ್ಕೆ ಜೋಡಿಸುವ ಹಂತಕ್ಕಾಗಿ 2022ರ ಜನವರಿ ಮಧ್ಯದಿಂದ ಮೇ ಮಧ್ಯದವರೆಗೆ ಈ ಕವಲಿನ ರೈಲುಗಳನ್ನೇ ನಿಲ್ಲಿಸಬೇಕಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಾರ್ದರ್ನ್ ಮತ್ತು ಸೆಂಟ್ರಲ್ ಮಾರ್ಗಗಳ ನಡುವೆ 94 ಮೀಟರ್ ಉದ್ದದ ಎರಡು ಚಲಿಸುವ ಕಾಲುಹಾದಿಗಳು ತೆರೆದವು. 2023ರ ಫೆಬ್ರವರಿಯಲ್ಲಿ ಕ್ಯಾನನ್ ಸ್ಟ್ರೀಟ್ ಕಡೆಯ ಹೊಸ ಪ್ರವೇಶದ್ವಾರ ತೆರೆಯಿತು. ಒಟ್ಟಾರೆ ಹನ್ನೆರಡು ಹೊಸ ಎಸ್ಕಲೇಟರ್‌ಗಳು ಮತ್ತು ಎರಡು ಹೊಸ ಲಿಫ್ಟ್‌ಗಳು ಸೇರಿದವು. ಸಾಮರ್ಥ್ಯ ಶೇ 40ರಷ್ಟು ಹೆಚ್ಚಿತೆಂದು ಸಾರಿಗೆ ಸಂಸ್ಥೆ ಹೇಳುತ್ತದೆ. ವೆಚ್ಚ ಸುಮಾರು 70 ಕೋಟಿ ಪೌಂಡ್.

ಚಲಿಸುವ ಕಾಲುಹಾದಿ ಈ ನಿಲ್ದಾಣಕ್ಕೆ ಹೊಸದೇನಲ್ಲ. ವಾಟರ್‌ಲೂ ಅಂಡ್ ಸಿಟಿ ಮಾರ್ಗದ ಪ್ಲಾಟ್‌ಫಾರ್ಮಿನಿಂದ ಮೇಲೇರಲು ಅಂಥದೊಂದು ಇಳಿಜಾರು ವ್ಯವಸ್ಥೆ 1960ರಿಂದಲೇ ಇದೆ. ಹೊಸ ಕಾಮಗಾರಿಯಲ್ಲಿ ಗಮನಿಸಬೇಕಾದ ಸಂಗತಿ ಯಂತ್ರವಲ್ಲ, ನಡೆಯುವವರನ್ನೂ ಕಾಯುವವರನ್ನೂ ಬೇರ್ಪಡಿಸಿದ ಕ್ರಮ. ಮಾನ್ಯುಮೆಂಟ್ ಕಡೆಯಿಂದ ಬಂದವರಿಗೂ ಅದರ ಫಲ ಸಿಗುತ್ತದೆ: ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಜನರನ್ನು ಸರಿಸಿಕೊಂಡು ಸಾಗುವ ಬದಲು, ಎರಡು ಪ್ಲಾಟ್‌ಫಾರ್ಮ್‌ಗಳ ನಡುವಿನ ಮೊಗಸಾಲೆಯಲ್ಲಿ ಸೂಟ್‌ಕೇಸ್ ಎಳೆದುಕೊಂಡು ಹೋಗಬಹುದು, ಫಲಕದ ಕೆಳಗೆ ಒಂದು ಕ್ಷಣ ನಿಂತು ಓದಬಹುದು. ದೂರ ಮಾತ್ರ ಕಡಿಮೆಯಾಗಿಲ್ಲ. ಎರಡು ನಿಲ್ದಾಣಗಳು ಎಲ್ಲಿದ್ದವೋ ಅಲ್ಲಿಯೇ ಇವೆ.

ಉಳಿದುಕೊಂಡ ತೊಡಕುಗಳು ಇನ್ನೂ ಕೆಲವು ಇವೆ. ಈ ದಾರಿಯಲ್ಲಿ ನಡುವೆ ಸಿಗುವ ಲಿಫ್ಟ್‌ಗಳು ನಾರ್ದರ್ನ್ ಮಾರ್ಗ ಮತ್ತು ಲಘು ರೈಲಿನ ಉಪಯೋಗಕ್ಕಿವೆ. ಸೆಂಟ್ರಲ್ ಪ್ಲಾಟ್‌ಫಾರ್ಮಿಗೆ ಮೆಟ್ಟಿಲಿಲ್ಲದ ದಾರಿ ಇಲ್ಲ. ಗಾಲಿಕುರ್ಚಿ ಬಳಸುವವರಿಗೆ ಆದ್ದರಿಂದ ಮೊದಲ ದಾರಿ ದಾರಿಯೇ ಅಲ್ಲ. ಅವರು ಮೆಟ್ಟಿಲುರಹಿತ ನಿಲ್ದಾಣಗಳನ್ನು ಗುರುತಿಸಿರುವ ಪ್ರತ್ಯೇಕ ನಕ್ಷೆಯನ್ನು ನೋಡಿಯೇ ಹೊರಡಬೇಕು. ಬಣ್ಣಗಳೂ ಒಮ್ಮೊಮ್ಮೆ ಕೈಕೊಡುತ್ತವೆ. ಸೆಂಟ್ರಲ್‌ನ ಕೆಂಪು, ನಾರ್ದರ್ನ್‌ನ ಕಪ್ಪು ಎಂದೂ ಗೊಂದಲ ಹುಟ್ಟಿಸುವುದಿಲ್ಲ; ಆದರೆ ಲಘು ರೈಲಿನದೂ ವಾಟರ್‌ಲೂ ಅಂಡ್ ಸಿಟಿಯದೂ ಹಸಿರು ಬೆರೆತ ನೀಲಿಯ ಹತ್ತಿರದ ಛಾಯೆಗಳು, ಆತುರದಲ್ಲಿ ಒಂದನ್ನು ಇನ್ನೊಂದೆಂದು ತಿಳಿಯುವುದು ಸುಲಭ. ಸೆಂಟ್ರಲ್ ಪ್ಲಾಟ್‌ಫಾರ್ಮ್ ತಲುಪಿದ ಮೇಲೂ ಹೊಸಬರು ಒಮ್ಮೆ ತಡವರಿಸುತ್ತಾರೆ. ಪಶ್ಚಿಮದ ರೈಲುಗಳಲ್ಲಿ ಕೆಲವು ಈಲಿಂಗ್ ಬ್ರಾಡ್‌ವೇ ಎಂದೂ ಕೆಲವು ವೆಸ್ಟ್ ರೈಸ್ಲಿಪ್ ಎಂದೂ ಹೆಸರು ಹೊತ್ತು ಬರುತ್ತವೆ. ಅವು ಬೇರೆಯಾಗುವುದು ದೂರದ ನಾರ್ತ್ ಆಕ್ಟನ್ ದಾಟಿದ ಮೇಲೆ; ಟಾಟನ್‌ಹ್ಯಾಮ್ ಕೋರ್ಟ್ ರೋಡ್‌ಗೆ ಯಾವುದಾದರೂ ಸರಿ.

ಹಾಗಾದರೆ ಯಾವ ದಾರಿ?

ಮೂರು ದಾರಿಗಳನ್ನೂ ಒಂದೇ ಅಳತೆಗೋಲಿನಿಂದ ಅಳೆಯೋಣ. ನಗರದ ಮಧ್ಯಭಾಗದಲ್ಲಿ ನಿಲ್ದಾಣದಿಂದ ನಿಲ್ದಾಣಕ್ಕೆ ಎರಡು ನಿಮಿಷ ಎಂಬ ಸ್ಥೂಲ ಲೆಕ್ಕ ಇಟ್ಟುಕೊಳ್ಳಬಹುದು. ಮೊದಲ ದಾರಿಯಲ್ಲಿ ರೈಲಿನೊಳಗೆ ಹತ್ತು ನಿಮಿಷ. ಮಾನ್ಯುಮೆಂಟ್‌ನಿಂದ ಸೆಂಟ್ರಲ್ ಪ್ಲಾಟ್‌ಫಾರ್ಮಿಗೆ ಸೂಟ್‌ಕೇಸಿನೊಡನೆ ನಿಧಾನವಾಗಿ ನಡೆಯುವವರಿಗೆ ಎಂಟು ನಿಮಿಷ ಎನ್ನೋಣ. ರೈಲಿಗೆ ಕಾಯುವ ಎರಡು ಮೂರು ನಿಮಿಷ ಸೇರಿದರೆ ಇಪ್ಪತ್ತೊಂದರ ಸುತ್ತ. ಮೂರನೆಯ ದಾರಿಯಲ್ಲಿ ರೈಲಿನೊಳಗೆ ಹದಿನೆಂಟು, ಎಂಬ್ಯಾಂಕ್‌ಮೆಂಟ್‌ನಲ್ಲಿ ಬದಲಾಯಿಸಲು ನಾಲ್ಕು, ಕಾಯಲು ಎರಡು ಮೂರು, ಇಪ್ಪತ್ತೈದಾಯಿತು. ನಿಲ್ದಾಣಗಳ ಎಣಿಕೆಯಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಇದ್ದ ಅಂತರ ನಿಮಿಷಗಳಲ್ಲಿ ನಾಲ್ಕಕ್ಕೆ ಇಳಿಯಿತು, ಮತ್ತು ಆ ನಾಲ್ಕು ನಿಮಿಷದ ಬೆಲೆಯಾಗಿ ನಮ್ಮ ಪ್ರಯಾಣಿಕರಿಗೆ ಉದ್ದನೆಯ ನಡಿಗೆಯೂ ಹಲವು ತಿರುವುಗಳೂ ತಪ್ಪಿದವು.

ಎರಡನೆಯ ದಾರಿಯ ದೋಷ ಬೇರೆ ಬಗೆಯದು. ಸರ್ಕಲ್ ಮಾರ್ಗದಲ್ಲಿ ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಂದು ರೈಲು. ಟವರ್ ಹಿಲ್‌ನಲ್ಲಿ ಆಗತಾನೆ ಒಂದು ಹೊರಟುಹೋಗಿದ್ದರೆ ಉಳಿದ ಲೆಕ್ಕವೆಲ್ಲ ಕೆಟ್ಟಿತು. ಅದಕ್ಕಿಂತ ದೊಡ್ಡ ಅಪಾಯವೆಂದರೆ ಪೂರ್ವದ ಪ್ಲಾಟ್‌ಫಾರ್ಮಿಗೆ ಡಿಸ್ಟ್ರಿಕ್ಟ್ ರೈಲುಗಳೂ ಬರುತ್ತವೆ. ಸರ್ಕಲ್ ರೈಲು ಆಲ್ಡ್‌ಗೇಟ್‌ಗೆ ಹೋದರೆ ಡಿಸ್ಟ್ರಿಕ್ಟ್ ರೈಲು ಆಲ್ಡ್‌ಗೇಟ್ ಈಸ್ಟ್‌ಗೆ ಹೋಗುತ್ತದೆ. ಹೆಸರಿನಲ್ಲಿ ಒಂದು ಪದದ ವ್ಯತ್ಯಾಸ. ಕಣ್ತಪ್ಪಿನಿಂದ ಎರಡನೆಯದನ್ನು ಹತ್ತಿದವರಿಗೆ ಲಿವರ್‌ಪೂಲ್ ಸ್ಟ್ರೀಟ್ ಸಿಗುವುದಿಲ್ಲ. ಎಲಿಜಬೆತ್ ಮಾರ್ಗವನ್ನು ಹಿಡಿದರೆ ಅಲ್ಲಿಂದ ಫ್ಯಾರಿಂಗ್‌ಡನ್, ಅನಂತರ ಟಾಟನ್‌ಹ್ಯಾಮ್ ಕೋರ್ಟ್ ರೋಡ್, ಎರಡೇ ನಿಲ್ದಾಣ. ಆದರೆ ಆ ಮಾರ್ಗದ ರೈಲುಗಳು ಇನ್ನೂರು ಮೀಟರಿನಷ್ಟು ಉದ್ದ, ಪ್ಲಾಟ್‌ಫಾರ್ಮ್‌ಗಳೂ ಅದಕ್ಕೆ ತಕ್ಕಂತೆ. ಲಿವರ್‌ಪೂಲ್ ಸ್ಟ್ರೀಟ್‌ನ ಪ್ಲಾಟ್‌ಫಾರ್ಮಿನ ಇನ್ನೊಂದು ತುದಿ ಮೂರ್‌ಗೇಟ್‌ನಲ್ಲಿ ತೆರೆಯುತ್ತದೆ. ಇಳಿಯುವ ನಿಲ್ದಾಣದಲ್ಲೂ ಪಶ್ಚಿಮ ತುದಿಯಿಂದ ಹೊರಬಂದರೆ ಡೀನ್ ಸ್ಟ್ರೀಟ್, ಅಂದರೆ ಮ್ಯೂಸಿಯಂಗೆ ವಿರುದ್ಧ ದಿಕ್ಕು. ಉಳಿಸಿದ ನಡಿಗೆಯನ್ನು ಇಲ್ಲಿ ಬಡ್ಡಿಸಮೇತ ತೆರಬೇಕಾದೀತು.

ಮೂರನೆಯ ದಾರಿಯೂ ನಿರ್ದೋಷಿಯಲ್ಲ ಎಂಬುದನ್ನು ಹೇಳಲೇಬೇಕು. ಎಂಬ್ಯಾಂಕ್‌ಮೆಂಟ್‌ನಲ್ಲಿ ನಾರ್ದರ್ನ್ ಮಾರ್ಗದ ಉತ್ತರಾಭಿಮುಖ ಪ್ಲಾಟ್‌ಫಾರ್ಮ್ ಹಿಂದೆ ರೈಲುಗಳು ಸುತ್ತಿ ಮರಳುತ್ತಿದ್ದ ಬಳಸು ಹಳಿಯ ಮೇಲಿದೆ. ಆದ್ದರಿಂದ ಅದೂ ಬಲವಾಗಿ ಬಾಗಿದೆ, ಅಲ್ಲಿಯೂ ಸಂದು ಅಗಲ. ಸಂದಿನ ಬಗ್ಗೆ ಎಚ್ಚರಿಸುವ ಧ್ವನಿ ಅಲ್ಲಿ ಈಗಲೂ ನಟ ಆಸ್ವಾಲ್ಡ್ ಲಾರೆನ್ಸ್ ಅವರದು. ಅವರು ತೀರಿಕೊಂಡ ಅನಂತರ ಧ್ವನಿಮುದ್ರಣವನ್ನು ಬದಲಾಯಿಸಲಾಗಿತ್ತು. ಅವರ ಪತ್ನಿಯ ಕೋರಿಕೆಯ ಮೇರೆಗೆ 2013ರಲ್ಲಿ ಅದನ್ನು ಈ ಒಂದು ಪ್ಲಾಟ್‌ಫಾರ್ಮಿಗೆ ಮರಳಿ ತರಲಾಯಿತು. ಅಲ್ಲಿ ಸೂಟ್‌ಕೇಸ್ ಎತ್ತಲು ನೆನಪಿಸುವುದು ಆ ಧ್ವನಿಯೇ.

ಇವೆಲ್ಲವನ್ನೂ ತೂಗಿ ನೋಡಿದರೆ, ಈ ಪ್ರಯಾಣಿಕರಿಗೆ, ಈ ಹೊತ್ತಿನಲ್ಲಿ, ನಾನು ಸೂಚಿಸುವುದು ಎಂಬ್ಯಾಂಕ್‌ಮೆಂಟ್ ದಾರಿ. ಡಿಸ್ಟ್ರಿಕ್ಟ್, ಸರ್ಕಲ್ ಎರಡರಲ್ಲಿ ಮೊದಲು ಬಂದದ್ದನ್ನು ಹತ್ತಬಹುದು, ತಪ್ಪು ರೈಲು ಹತ್ತುವ ಭಯವಿಲ್ಲ. ಬದಲಾವಣೆ ಒಂದೇ, ಅದೂ ಚಿಕ್ಕದು. ಕೈ ಬೀಸಿಕೊಂಡು ನಡೆಯಬಲ್ಲ, ಊರು ಬಲ್ಲ, ಮಧ್ಯಾಹ್ನದ ಬಿಡುವಿನ ವೇಳೆಯಲ್ಲಿ ಹೊರಟವರಿಗೆ ಮಾನ್ಯುಮೆಂಟ್ ದಾರಿಯೇ ಉತ್ತಮ, 2022ರ ಬಳಿಕ ಅದರ ಬಗ್ಗೆ ಹಳಬರು ಹೇಳುವ ಹೆದರಿಕೆಯ ಮಾತುಗಳಿಗೆ ಮೊದಲಿನ ತೂಕವಿಲ್ಲ. ಮೊಬೈಲಿನ ದಾರಿಸೂಚಕ ತನ್ನಷ್ಟಕ್ಕೆ ಬಿಟ್ಟರೆ ಎಲ್ಲರಿಗೂ ಅತಿ ವೇಗದ ದಾರಿಯನ್ನೇ ತೋರಿಸುತ್ತದೆ. ಲಂಡನ್ ಸಾರಿಗೆ ಸಂಸ್ಥೆಯ ಯೋಜಕದಲ್ಲಿ ಕಡಿಮೆ ನಡಿಗೆ, ಕಡಿಮೆ ಬದಲಾವಣೆ ಎಂಬ ಆಯ್ಕೆಗಳು ಪ್ರತ್ಯೇಕವಾಗಿವೆ. ಕೇಳಿದರಷ್ಟೇ ಅವು ಬೇರೆ ಉತ್ತರ ಕೊಡುತ್ತವೆ.

ಮೊದಲ ದಾರಿಯನ್ನೇ ಹಿಡಿದವರು ಒಂದು ಶಿಸ್ತನ್ನು ಪಾಲಿಸಬೇಕು: ಮಾನ್ಯುಮೆಂಟ್‌ನಲ್ಲಿ ಇಳಿದ ಕ್ಷಣದಿಂದ ಸೆಂಟ್ರಲ್ ಎಂಬ ಹೆಸರನ್ನೂ ಕೆಂಪು ಬಣ್ಣವನ್ನೂ ಹೊರತು ಇನ್ನಾವುದನ್ನೂ ಅನುಸರಿಸಬಾರದು. ಎಲ್ಲರೂ ಹೋಗುತ್ತಿರುವ ಕಡೆಗೆ ಹೋಗುವುದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಆರು ಮಾರ್ಗಗಳ ಜನ ಆರು ಕಡೆಗೆ ಹೊರಟಿರುತ್ತಾರೆ. ಲಂಡನ್ನಿನ ದಟ್ಟಣೆಯ ನಿಲ್ದಾಣಗಳಲ್ಲಿ ಎದುರುಬದುರು ಬರುವ ಜನರನ್ನು ಬೇರ್ಪಡಿಸಲು ಫಲಕಗಳು ಕೆಲವೊಮ್ಮೆ ಬೇಕೆಂದೇ ಸುತ್ತುದಾರಿ ತೋರಿಸುವುದುಂಟು. ನಕ್ಷೆಯನ್ನು ನೋಡಿ ಅಡ್ಡದಾರಿ ಹುಡುಕುವ ಜಾಣ್ಮೆ ಹೊಸಬರಿಗೆ ಬೇಡ.

ಮರಳುವ ಪ್ರಯಾಣದಲ್ಲಿ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಟಾಟನ್‌ಹ್ಯಾಮ್ ಕೋರ್ಟ್ ರೋಡ್‌ನಿಂದ ಸೆಂಟ್ರಲ್ ಮಾರ್ಗದಲ್ಲಿ ಬಂದು ಬ್ಯಾಂಕ್‌ನಲ್ಲಿ ಇಳಿದವರು ಡಿಸ್ಟ್ರಿಕ್ಟ್ ಎಂಬ ಪದದ ಜೊತೆಗೆ ಮಾನ್ಯುಮೆಂಟ್ ಎಂಬ ಹೆಸರನ್ನೂ ಹುಡುಕಿಕೊಂಡು ಸಾಗಬೇಕು, ಮತ್ತು ನಾರ್ದರ್ನ್ ಮಾರ್ಗದ ಆಳದಿಂದ ನೆಲಮಟ್ಟದ ಸಮೀಪಕ್ಕೆ ಏರಬೇಕು. ಅಲ್ಲಿ ತಲುಪಿದ ಮೇಲೆ ಪೂರ್ವದ ಪ್ಲಾಟ್‌ಫಾರ್ಮಿಗೆ ಬರುವ ರೈಲು ಡಿಸ್ಟ್ರಿಕ್ಟ್ ಆದರೇನು, ಸರ್ಕಲ್ ಆದರೇನು, ಎರಡಕ್ಕೂ ಮುಂದಿನ ನಿಲ್ದಾಣ ಟವರ್ ಹಿಲ್. ಆಲ್ಡ್‌ಗೇಟ್‌ಗಳ ಗೊಂದಲ ಶುರುವಾಗುವ ಮುನ್ನವೇ ನಮ್ಮ ಪ್ರಯಾಣಿಕರು ಇಳಿದಿರುತ್ತಾರೆ.